ಬಲಗಿವಿಗೆ ಹೇಳಿದ ಸಾಕ್ಷ್ಯ

ಸಾಗರ, ೭ ಮಾರ್ಚ್ ೧೯೬೬, ಸೋಮವಾರ

ಬೆಂಗಳೂರಿನಿಂದ ರೈಲಿನಲ್ಲಿ ಬಂದು ಮೈಯೆಲ್ಲ ಮಸಿ. ಶೇಷಮ್ಮ ನೀರು ಕಾಯಿಸಿಟ್ಟಿದ್ದಳು. ಮಿಂದು ಊಟ ಮಾಡಿ ಬರೆಯಲು ಕೂತಿದ್ದೇನೆ. ವಿಧಾನಸಭೆಯಲ್ಲಿ ಆಡಿದ್ದನ್ನೆಲ್ಲ ಬರೆದುಕೊಳ್ಳಲು ಸರ್ಕಾರ ಸಂಬಳ ಕೊಟ್ಟು ಜನರನ್ನು ಇಟ್ಟಿದೆ. ಅಲ್ಲಿ ಆಡಲಾರದ್ದನ್ನು ನಾನೇ ಬರೆದುಕೊಳ್ಳಬೇಕು. ಇದು ಯಾರೂ ಓದುವುದಕ್ಕಲ್ಲ.

ಈ ಅಧಿವೇಶನದಲ್ಲಿ ಮೂರು ಮಸೂದೆಗಳು ಸಮಿತಿಗಳ ಪಾಲಿಗೆ ಬಂದಿವೆ. ಒಂದು ಪೆಟ್ರೋಲು, ಡೀಸೆಲ್ಲಿನ ಮೇಲಿನ ತೆರಿಗೆ. ಬಸ್ಸಿನ ಮಾಲೀಕರು ಹೋದಲ್ಲೆಲ್ಲ ಒಳ್ಳೆಯ ಊಟ ಹಾಕಿಸುತ್ತಾರೆಂದು ಆ ಸಮಿತಿಗೆ ನೂಕುನುಗ್ಗಲು. ಇನ್ನೊಂದು, ಯುದ್ಧದಿಂದ ಬಂದ ಸೈನಿಕರಿಗೆ ಸರ್ಕಾರಿ ಕೆಲಸದಲ್ಲಿ ಮೊದಲ ಅವಕಾಶ ಕೊಡುವುದು. ಅದಕ್ಕೆ ಯಾರ ವಿರೋಧವೂ ಇಲ್ಲ, ಹಾಗಾಗಿ ಅದನ್ನು ಯಾರೂ ಓದಿಯೂ ಇಲ್ಲ. ಮೂರನೆಯದು ವೈದ್ಯರ ನೋಂದಣಿ. ಈ ಸಮಿತಿಗೆ ನನ್ನನ್ನು ಹಾಕಿ ಎಂದು ನಾನೇ ಹೋಗಿ ಕೇಳಿಕೊಂಡೆ.

ನಮ್ಮದು ಐದು ಜನರ ಉಪಸಮಿತಿ. ಸಾಗರ, ಹೊಸನಗರ, ತೀರ್ಥಹಳ್ಳಿ ಸುತ್ತಿ ಸಾಕ್ಷ್ಯ ಪಡೆದು, ಹದಿನಾರನೇ ಕಲಮು ಇರಬೇಕೋ ಬೇಡವೋ ಎಂದು ತೀರ್ಮಾನಿಸಬೇಕು. ನೋಂದಣಿಯಿಲ್ಲದೆ ಮದ್ದು ಕೊಡುವವರಿಗೆ ಜೈಲು ಎನ್ನುವ ಕಲಮು ಅದು. ಅಧ್ಯಕ್ಷರು ನಾರಾಯಣಮೂರ್ತಿ ಎಂಬ ವಕೀಲರು. ಸಜ್ಜನರು, ಯಾರು ಏನು ಹೇಳಿದರೂ ತಲೆಯಾಡಿಸುತ್ತಾರೆ. ಜೀಪಿನ ಡ್ರೈವರ್ ವಾಸಪ್ಪ, ಹೋದ ವರ್ಷದ ಯುದ್ಧ ಮುಗಿಸಿ ಬಂದವನು. ಮಸೂದೆ ಪಾಸಾಗುವ ಮೊದಲೇ ಕೆಲಸ ಗಿಟ್ಟಿಸಿದ ಭಾಗ್ಯವಂತ.

ನನಗೆ ಈ ಕಲಮು ಯಾಕೆ ಬೇಕೆಂದು ಇಲ್ಲಿಯಾದರೂ ಬರೆದುಕೊಳ್ಳುತ್ತೇನೆ. ಹನ್ನೆರಡು ವರ್ಷದ ಹಿಂದೆ ನಮ್ಮ ಹೂವಿಗೆ ಹಾವು ಕಡಿಯಿತು. ಆರು ವರ್ಷದ ಮಗು. ಆಸ್ಪತ್ರೆಗೆ ಹೊಳೆ ದಾಟಿ ಹೋಗಬೇಕು. ನಾಟಿ ಮದ್ದಿನ ಹಾಲಮ್ಮನ ಮನೆ ಗದ್ದೆಯಾಚೆಗೇ ಇತ್ತು. ಊರೆಲ್ಲ ಹಾಲಮ್ಮ ಎಂದಿತು. ನಾನು ಮುಂದಾಗಿ ಓಡಿ ಹೋಗಿ ಹೇಳಿದೆ, ಹಿಂದೆ ಮಗುವನ್ನು ಎತ್ತಿಕೊಂಡು ಬಂದರು. ಮದ್ದು ಕೊಡುವಾಗ ಹೆತ್ತವರು ಇರಬಾರದೆಂದು ಹಾಲಮ್ಮ ಮಗುವನ್ನು ಒಳಗೆ ಹಾಕಿಕೊಂಡು ಬಾಗಿಲು ಮುಚ್ಚಿದಳು. ಬಾಗಿಲು ತೆಗೆದಾಗ ಹೂವಿ ಇರಲಿಲ್ಲ. ಮಗಳ ಕೊನೆಯ ಹೊತ್ತು ನಾವು ಒಂದು ಹಲಗೆಯ ಆಚೆ ನಿಂತಿದ್ದೆವು. ನನಗೆ ಈಗಲೂ ಆ ಸಿಟ್ಟು ಇಳಿದಿಲ್ಲ.

ಹೆತ್ತವಳು ಶೇಷಮ್ಮ ಆಗ ಒಂದು ಮಾತು ಹೇಳಿದ್ದಳು. “ಇನ್ನೊಬ್ಬರ ಮನೆ ಮಗು ಆ ಬಾಗ್ಲೊಳಗೆ ಹೋಗ್ಬಾರ್ದು. ಹಂಗೆ ಎಂತಾದ್ರೂ ಮಾಡಿ.” ಗೇಣಿ ಒಕ್ಕಲಿನ ಮಗ ನಾನು ಚುನಾವಣೆಗೆ ನಿಂತದ್ದು ಆ ಮಾತಿಗೆ. ಜನರಿಗೆ ಭೂಮಿ, ರಸ್ತೆ ಎಂದೆಲ್ಲ ಹೇಳಿದೆ. ಅವಳಿಗೆ ಮಾತ್ರ ಈ ಒಂದು ಕಲಮಿನ ಮಾತು ಕೊಟ್ಟೆ.

ಬ್ಯಾಕೋಡು, ೧೦ ಮಾರ್ಚ್, ಗುರುವಾರ

ಅಣೆಕಟ್ಟಿನ ಹಿನ್ನೀರು ದಾಟಿ ದೋಣಿಯಲ್ಲಿ ಬಂದೆವು. ನಮ್ಮ ಹಳೆಯ ಊರು ಈ ನೀರಿನಡಿ ಹೋಗಿ ಎರಡು ವರ್ಷವಾಯಿತು. ಸತ್ತ ಮರಗಳು ಇನ್ನೂ ನಿಂತೇ ಇವೆ. ನಮ್ಮ ಮನೆ ಇದ್ದ ಜಾಗದ ಮೇಲೆಯೇ ದೋಣಿ ಬಂದಾಗ ಅಧ್ಯಕ್ಷರು, “ಎಂಥ ನಿಶ್ಶಬ್ದ ಬೆಳ್ಳಪ್ಪನವರೇ!” ಎಂದು ಸಂತೋಷಪಟ್ಟರು. ನಾನು ಹೂಂ ಎಂದೆ.

ಶಾಲೆಯ ಜಗಲಿಯಲ್ಲಿ ಸಾಕ್ಷ್ಯ. ಮೂರನೆಯವಳಾಗಿ ಬಂದವಳು ಹಾಲಮ್ಮ. ಮುಳುಗಡೆಯ ನಂತರ ಅವಳೂ ಇಲ್ಲಿಗೇ ಬಂದು ನೆಲೆಸಿದ್ದಾಳೆ. ಬೆನ್ನು ಬಾಗಿದೆ, ಕೋಲೂರಿಕೊಂಡು ನಡೆಯುತ್ತಾಳೆ, ಕಣ್ಣು ಮಾತ್ರ ಹಾಗೆಯೇ ಇದೆ. ನನ್ನನ್ನು ನೋಡಿ ಗುರುತು ಹಿಡಿದಳು, ಕೈಮುಗಿಯಲಿಲ್ಲ.

“ನೀವು ಹಾವಿಗೆ ಕೊಡೋ ಔಷಧಿ ಯಾವುದಮ್ಮ? ಗಿಡದ ಹೆಸರು ಹೇಳಿ,” ಎಂದರು ಅಧ್ಯಕ್ಷರು.

“ಅದ್ನ ಹೇಳೂಕೆ ಬರೂದಿಲ್ಲ ಸ್ವಾಮಿ.”

“ಹೇಳದಿದ್ದರೆ ನೋಂದಣಿ ಮಾಡೋದು ಹೇಗೆ?”

“ಹೇಳಿದ್ರೆ ಅದು ನನ್ನ ಕೈಲಿ ಇರೂದಿಲ್ಲ. ಆಮೇಲೆ ನೋಂದಣಿ ಎಂತಕ್ಕೆ?”

ಎಲ್ಲರೂ ನಕ್ಕರು. ನಾನು ನಗಲಿಲ್ಲ. “ನಿಮ್ಮ ಮದ್ದು ಕುಡಿದು ಸತ್ತವರು ಇದ್ದಾರೋ ಇಲ್ಲವೋ, ಅದನ್ನು ಹೇಳಿ,” ಎಂದೆ.

“ಇದಾರೆ ತಮ್ಮಾ. ನಿಂಗೆ ಗೊತ್ತಲ.”

ಅವಳು ಅದನ್ನು ಅಷ್ಟು ಮೆತ್ತಗೆ ಹೇಳಿದ್ದು ನನಗೆ ತಡೆಯಲಾಗಲಿಲ್ಲ. ಆಗಲೇ ಆ ಉಪಾಯ ಹೊಳೆದದ್ದು. ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು: ಮದ್ದಿನ ಬೇರಿನ ಹೆಸರನ್ನು ಒಂದೇ ಸಲ, ಒಬ್ಬರ ಬಲಗಿವಿಗೆ ಹೇಳಬೇಕು. ಹೇಳಿದ ಮೇಲೆ ಹೇಳಿದವರ ಕೈಗುಣ ಹೋಯಿತು. ಅವರ ಮನೆ ಮೆಟ್ಟಿಲು ಆಮೇಲೆ ಯಾರೂ ಹತ್ತುವುದಿಲ್ಲ. ಕಾನೂನು ಪಾಸಾಗಲು ವರ್ಷ ಹಿಡಿದೀತು. ಅವಳ ನಿಯಮದಿಂದಲೇ ಅವಳ ಬಾಗಿಲು ಮುಚ್ಚಿಸಲು ಒಂದು ಕ್ಷಣ ಸಾಕು. ನಾನು ಎದ್ದು ನಿಂತು, “ಇದನ್ನು ಗುಪ್ತ ಸಾಕ್ಷ್ಯ ಎಂದು ತೆಗೆದುಕೊಳ್ಳೋಣ. ಒಬ್ಬ ಸದಸ್ಯರು ಕಿವಿಯಲ್ಲಿ ಕೇಳಿಕೊಂಡು ಸಮಿತಿಗೆ ಒಳಸಭೆಯಲ್ಲಿ ತಿಳಿಸಲಿ. ಬೆಂಗಳೂರಿನಲ್ಲಿ ಪರೀಕ್ಷೆ ಮಾಡಿಸಿದರೆ ಬೇರಿನ ಬಣ್ಣ ಬಯಲಾಗುತ್ತದೆ,” ಎಂದೆ. ಅಧ್ಯಕ್ಷರು ತಲೆಯಾಡಿಸಿದರು.

“ಯಾರ ಕಿವಿ?” ಎಂದಳು ಹಾಲಮ್ಮ.

“ನನ್ನದು.”

ಅವಳು ಕೋಲನ್ನು ಜಗಲಿಯ ಮೇಲಿಟ್ಟಳು. “ಕೇಳೂದು ಸುಲಭ ತಮ್ಮಾ. ಹೊರೂದು ಕಷ್ಟ.”

“ಹೊರಲಿಕ್ಕೆ ಆಚೆ ದಡದಲ್ಲಿ ಜೀಪಿದೆ,” ಎಂದೆ. ಮತ್ತೆ ಎಲ್ಲರೂ ನಕ್ಕರು.

ಅವಳು ಬಾಯಿ ಮುಕ್ಕಳಿಸಿ, ನನ್ನನ್ನು ಮೂಡಲಿಗೆ ಮುಖ ಮಾಡಿ ನಿಲ್ಲಿಸಿ, ಬಲಗಿವಿಗೆ ಹೇಳಿದಳು. ಚಿಕ್ಕ ಮಾತು. ಅವಳ ಉಸಿರಿನಲ್ಲಿ ಆಗ ತಾನೇ ಅಗೆದ ಮಣ್ಣಿನ ವಾಸನೆಯಿತ್ತು. ಹೇಳಿದವಳು ಹಗುರಾಗಿ ಕೈ ಕೊಡವಿಕೊಂಡು ಹೊರಟೇಹೋದಳು. ಅವಳ ಕೋಲು ಜಗಲಿಯ ಮೇಲೆಯೇ ಉಳಿಯಿತು. ವಾಸಪ್ಪ ಕೂಗಿ ಕರೆದರೂ ತಿರುಗಿ ನೋಡಲಿಲ್ಲ, ಬೆನ್ನು ನೆಟ್ಟಗೆ ಮಾಡಿಕೊಂಡು ಗುಡ್ಡ ಹತ್ತಿದಳು.

ನನಗೆ ಇವತ್ತು ಗೆದ್ದ ಸಂತೋಷ.

ಸಾಗರ, ೧೧ ಮಾರ್ಚ್, ಶುಕ್ರವಾರ

ಮನೆಗೆ ಬಂದು ಊಟಕ್ಕೆ ಕೂತಾಗ ಶೇಷಮ್ಮನಿಗೆ ಎಲ್ಲ ಹೇಳಿದೆ. ಹಾಲಮ್ಮನ ಅಂಗಡಿ ಮುಚ್ಚಿಸಿ ಬಂದೆ ಎಂದೆ. ಅವಳ ಮುಖ ಅರಳುತ್ತದೆ ಎಂದುಕೊಂಡಿದ್ದೆ. ಅವಳು ಸೌಟು ಹಿಡಿದುಕೊಂಡೇ ನಿಂತಳು.

“ಕಿವಿ ಕೊಟ್ರಾ? ನೀವೇ?”

“ಮತ್ಯಾರು?”

“ಅವ್ಳ ಕೈ ಬಿಡ್ತು, ಸರಿ. ಬಿಟ್ಟಿದ್ದು ಎಲ್ಲೋಯ್ತು?”

“ಇದ್ದರಲ್ಲವೇ ಹೋಗುವುದಕ್ಕೆ!” ಎಂದು ನಕ್ಕೆ. ಅವಳು ನಗಲಿಲ್ಲ. ಕಾನೂನು ಮಾಡುವವನ ಹೆಂಡತಿಯಾದರೂ ಇವಳ ತಲೆಯೊಳಗಿನ ಹಳೇ ಕಸ ಹೋಗಿಲ್ಲ.

ಸೋರೆಕಾಯಿ ಪಲ್ಯ ಮಾಡಿದ್ದಳು. ನನಗೆ ಪ್ರಾಣ ಅದು. ಇವತ್ತು ಯಾಕೋ ನಾರುತ್ತಿತ್ತು, ಪಕ್ಕಕ್ಕೆ ಸರಿಸಿದೆ. ಕಾಯಿ ಹಳೆಯದಿರಬೇಕು ಎಂದೆ. ಬೆಳಿಗ್ಗೆ ಕೊಯ್ದದ್ದು ಎಂದಳು. ತಟ್ಟೆ ಎತ್ತಿಕೊಳ್ಳುತ್ತಾ, “ಹಾಲಮ್ಮನೂ ಸೋರೆಕಾಯಿ ಮುಟ್ತಿರ್ಲಿಲ್ಲ,” ಎಂದಳು. ಬೇರು ಹಿಡಿದವರಿಗೆ ಅದು ಆಗಿಬರುವುದಿಲ್ಲವಂತೆ. ಇವರ ಶಾಸ್ತ್ರಕ್ಕೆ ಕೊನೆಯೇ ಇಲ್ಲ.

ಮರೆತುಹೋಗಬಾರದೆಂದು ಆ ಗಿಡದ ಹೆಸರನ್ನು ಇಲ್ಲಿ ಬರೆದಿಡೋಣವೆಂದು ಕೂತೆ. ಮರೆತಿಲ್ಲ, ನಾಲಿಗೆಯ ಮೇಲೆಯೇ ಇದೆ. ಪೆನ್ನು ಕಾಗದಕ್ಕೆ ಇಟ್ಟರೆ ಕೈ ಸುಮ್ಮನಿರುತ್ತದೆ. ದೋಣಿಯಲ್ಲಿ ಬಂದ ದಣಿವು, ನಾಳೆ ಬರೆದರಾಯಿತು.

ಹೊಸನಗರ, ೧೫ ಮಾರ್ಚ್, ಮಂಗಳವಾರ

ಬೆಳಿಗ್ಗೆ ಬಸ್ಸಿನ ಏಜೆಂಟ್ ಕೆರಿಯಪ್ಪ ನಾವು ಇಳಿದುಕೊಂಡಿದ್ದ ಐ.ಬಿ.ಗೆ ಬಂದ. ಪೆಟ್ರೋಲ್ ತೆರಿಗೆ ಹೆಚ್ಚಿಸಿದರೆ ನಿಟ್ಟೂರಿನ ಬಸ್ಸು ನಿಲ್ಲಿಸಬೇಕಾಗುತ್ತದೆ ಎಂದು ಅರ್ಜಿ. ನಮ್ಮದು ಆ ಸಮಿತಿಯಲ್ಲ ಮಾರಾಯ ಎಂದರೂ ಕೇಳಲಿಲ್ಲ. ಎಲ್ಲ ಕಾನೂನೂ ಒಂದೇ ಒಲೆಯಲ್ಲಿ ಬೇಯುತ್ತವೆ ಎಂದು ಜನ ತಿಳಿದಿದ್ದಾರೆ.

ಅವನು ಮಾತಾಡುತ್ತಾ ಕಂಬಕ್ಕೆ ಒರಗಿ, ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟು, ಉಗುರಿನಿಂದ ಸುಣ್ಣ ಕೆರೆಯುತ್ತಿದ್ದ. ನನ್ನ ಬಾಯಿಂದ ತಾನಾಗಿ ಮಾತು ಬಂತು: “ಮನೆಗೆ ಹೋಗಿ. ನಿಮ್ಮಪ್ಪನ ಹತ್ತಿರ ಇರಿ.”

“ಅಪ್ಪಯ್ಯ ಚೆನ್ನಾಗಿದಾರಲ್ರೀ. ಈಗ ಮೂರು ದೋಸೆ ತಿಂದ್ರು.”

ಅಧ್ಯಕ್ಷರು ನಕ್ಕರು, ನಾನೂ ನಕ್ಕೆ. ಯಾಕೆ ಹಾಗೆ ಹೇಳಿದೆನೋ. ಹಿಂದಿನ ಕಾಲದ ಹಾವಿನ ವೈದ್ಯರು ಕಚ್ಚಿಸಿಕೊಂಡವರನ್ನು ನೋಡುತ್ತಿರಲಿಲ್ಲವಂತೆ, ಕರೆಯಲು ಬಂದವನು ಹೇಗೆ ನಿಂತಿದ್ದಾನೆ ಎಂದು ನೋಡಿ ರೋಗಿ ಉಳಿಯುವುದು ಹೋಗುವುದು ಹೇಳುತ್ತಿದ್ದರಂತೆ. ಅಜ್ಜಿಯ ಕಾಲದ ಆ ಕತೆ ತಲೆಯಲ್ಲಿ ಎಲ್ಲೋ ಉಳಿದಿರಬೇಕು.

೧೬ ಮಾರ್ಚ್, ಬುಧವಾರ

ಇವತ್ತು ನಿಟ್ಟೂರಿನ ಬಸ್ಸು ಹೊರಡಲಿಲ್ಲ. ಕೆರಿಯಪ್ಪನ ತಂದೆ ಬೆಳಿಗ್ಗೆ ಹಲ್ಲುಜ್ಜುತ್ತಾ ಕುಸಿದರಂತೆ. ವಯಸ್ಸಾಗಿತ್ತು. ಯಾರಿಗಾದರೂ ಆಗುವುದೇ.

ಅಧ್ಯಕ್ಷರು ನನ್ನ ಪಕ್ಕ ಕೂರುವುದನ್ನು ಬಿಟ್ಟು ಎದುರು ಕುರ್ಚಿಗೆ ಹೋಗಿದ್ದಾರೆ. ಬಿಸಿಲು ಬೀಳುತ್ತದೆಯಂತೆ.

ನಿಟ್ಟೂರು, ೨೨ ಮಾರ್ಚ್, ಮಂಗಳವಾರ

ಶಾಲೆಯಲ್ಲಿ ವಸತಿ. ಈಚೆಗೆ ಕಾಗೆ ಕೂಗುವ ಮೊದಲೇ ಎಚ್ಚರವಾಗುತ್ತದೆ. ಸುಮ್ಮನೆ ಹೊರಳಾಡುವುದೇಕೆಂದು ಎದ್ದು ಕೊಡಚಾದ್ರಿಯ ಕಡೆಗೆ ಸ್ವಲ್ಪ ನಡೆದು ಬಂದೆ. ತಂಪಾಗಿತ್ತು. ಮೈಗೆ ಒಳ್ಳೆಯದು.

ಬರುವಾಗ ಅಡುಗೆಗೆ ಬಂದಿದ್ದ ನಿಂಗಪ್ಪ ಬಾಗಿಲಲ್ಲಿ ನಿಂತಿದ್ದ. ಏನೂ ಹೇಳಲಿಲ್ಲ. ಸರಿಯಾಗಿ ನಿಂತಿದ್ದ, ಎರಡೂ ಕಾಲು ಊರಿ, ಕೈ ಬಿಟ್ಟುಕೊಂಡು. ನನಗೆ ಸಮಾಧಾನವಾಯಿತು. ಅವನ ಜೊತೆ ಎಲ್ಲಿಗೋ ಸ್ವಲ್ಪ ಹೋಗಿ ಬಂದೆ.

ಮಧ್ಯಾಹ್ನದವರೆಗೂ ಹಲ್ಲುನೋವು, ಯಾರ ಹತ್ತಿರವೂ ಮಾತಾಡಲಿಲ್ಲ. ಸಭೆಯಲ್ಲಿ ಅಧ್ಯಕ್ಷರು ಕರೆದಾಗಲೂ ತಲೆಯಾಡಿಸಿದೆ, ಅವರ ವಿದ್ಯೆ ಅವರಿಗೇ. ಊಟಕ್ಕೆ ಕೂತಾಗ ನೋವು ತಾನಾಗಿ ನಿಂತಿತು. ಕೈ ತೊಳೆದಷ್ಟೂ ಉಗುರಿನೊಳಗಿನ ಮಣ್ಣು ಹೋಗುತ್ತಿಲ್ಲ. ಶಾಲೆಯ ಬಾವಿ ನೀರೇ ಕೆಂಪಗಿದೆ ಎಂದು ಕಾಣುತ್ತದೆ.

೨೪ ಮಾರ್ಚ್, ಗುರುವಾರ

ಜೀಪಿನಲ್ಲಿ ಹಿಂದಿರುಗುವಾಗ ಮುಂದೆ ವಾಸಪ್ಪ, ನಾನು ಇಬ್ಬರೇ.

“ಸಾಹೇಬ್ರೆ, ಕನ್ನಮ್ಮ ಎದ್ದು ಗಂಜಿ ಕುಡದ್ಲಂತೆ,” ಎಂದ.

“ಯಾವ ಕನ್ನಮ್ಮ?”

ಅವನು ವಾರೆಗಣ್ಣಿನಲ್ಲಿ ನನ್ನ ಮುಖ ನೋಡಿದ. “ನಿಂಗಪ್ಪನ ಮನೆ ಪಕ್ಕದೋರು. ಸೊಪ್ಪು ತರೋಕೆ ಹೋದಾಗ ಹಾವು ಮುಟ್ಟಿತ್ತು. ನೀವು ಬೇರು ತೇದು ಕುಡಿಸಿದ್ರಲ್ಲ.”

ನಾನು ಚೆನ್ನಾಗಿ ಬೈದೆ. ಯುದ್ಧ ಕಂಡುಬಂದವರಿಗೆ ಇಂಥ ಭ್ರಮೆಗಳು ಇರುತ್ತವೆ ಎಂದು ಕೇಳಿದ್ದೇನೆ. ಸೈನಿಕರ ಮಸೂದೆಯಲ್ಲಿ ಅದರ ಚಿಕಿತ್ಸೆಗೂ ಒಂದು ಕಲಮು ಹಾಕಬೇಕೆಂದು ಗುರುತು ಮಾಡಿಕೊಂಡೆ.

ಸಂಜೆ ಒಳಸಭೆ. ಹದಿನಾರನೇ ಕಲಮು ಬೇಕೆನ್ನುವವರು ಇಬ್ಬರು, ಬೇಡವೆನ್ನುವವರು ಇಬ್ಬರು. ಐದನೆಯವನು ನಾನು. ನನ್ನ ಕೈ ಯಾವ ಕಡೆಗೆ ಏಳುತ್ತದೆ ಎಂದು ಎಲ್ಲರಿಗೂ ಗೊತ್ತೇ ಇದೆ. ಏಪ್ರಿಲ್ ಒಂಬತ್ತಕ್ಕೆ ತೀರ್ಥಹಳ್ಳಿಯಲ್ಲಿ ಮತ ಹಾಕಿದರೆ ಮುಗಿಯಿತು.

“ಬೆಳ್ಳಪ್ಪನವರೇ, ಆ ಮುದುಕಿ ಹೇಳಿದ ಗಿಡದ ಹೆಸರು ಇನ್ನೂ ದಾಖಲಾಗಿಲ್ಲವಲ್ಲ?” ಎಂದರು ಅಧ್ಯಕ್ಷರು.

ಹೇಳಲು ಬಾಯಿ ತೆರೆದೆ, ಕೆಮ್ಮು ಬಂತು. ನೀರು ಕುಡಿದು ಮತ್ತೆ ತೆರೆದೆ, ಮತ್ತೆ ಕೆಮ್ಮು. ತೀರ್ಥಹಳ್ಳಿಯಲ್ಲಿ ಹೇಳುತ್ತೇನೆ ಎಂದೆ. ಜೀಪಿನ ಧೂಳು ಗಂಟಲಿಗೆ ಹೋಗಿದೆ.

ಸಾಗರ, ೨೯ ಮಾರ್ಚ್, ಮಂಗಳವಾರ

ಶಾಸಕನ ಮನೆ ಎಂದ ಮೇಲೆ ಬಾಗಿಲಲ್ಲಿ ಜನ ಇದ್ದೇ ಇರುತ್ತಾರೆ. ಅಂಥವರು ಗೇಟು ತೆಗೆಯುವ ಮೊದಲೇ ತಮ್ಮ ಕಷ್ಟ ಶುರುಮಾಡುತ್ತಾರೆ. ಈಗ ಬರುತ್ತಿರುವವರು ಬೇರೆ. ಬೆಳಗಾಗುತ್ತಲೇ ಬಂದು ಗೇಟಿನಾಚೆ ನಿಲ್ಲುತ್ತಾರೆ. ಕೂಗುವುದಿಲ್ಲ, ಕೆಮ್ಮುವುದೂ ಇಲ್ಲ. ನಾನು ಹೊರಗೆ ಬಂದು ನೋಡುವವರೆಗೂ ಹಾಗೇ ನಿಂತಿರುತ್ತಾರೆ. ಮಾತಾಡದ ಮತದಾರರನ್ನು ನಾನು ಇದೇ ಮೊದಲು ಕಂಡದ್ದು. ಕೆಲವರನ್ನು ನೋಡಿದರೆ ಸಮಾಧಾನ, ಕೆಲವರನ್ನು ನೋಡಿದರೆ ಎದೆ ಕುಸಿಯುತ್ತದೆ. ಅಂಥವರಿಗೂ ಹೋಗಿ ಎನ್ನಲು ಬಾಯಿ ಬರುವುದಿಲ್ಲ.

ಇವತ್ತು ಶೇಷಮ್ಮ ಸೆರಗು ಸಿಕ್ಕಿಸಿಕೊಂಡು ಹೊರಗೆ ಹೋದಳು. “ಇದು ಹಾಲಮ್ಮನ ಮನೆ ಅಲ್ಲ. ಹೋಗಿ ಎಲ್ಲ!” ಎಂದು ಕೂಗಿದಳು. ಅವರು ಅವಳ ಹೆಗಲ ಮೇಲಿನಿಂದ ನನ್ನನ್ನೇ ನೋಡುತ್ತಿದ್ದರು. ಒಬ್ಬರೂ ಕದಲಲಿಲ್ಲ.

ಅವಳು ಒಳಗೆ ಬಂದು ಬಾಗಿಲು ಹಾಕಿ ಅತ್ತಳು. “ಆ ಕಾನೂನು ಬರ್ಲಿ. ಮೊದ್ಲು ನಿಮ್ಮನ್ನೇ ಹಿಡ್ಕಂಡು ಹೋಗ್ಲಿ.”

“ನಾನೇನು ಮಾಡಿದೆ?” ಎಂದೆ.

“ಬೆಳಿಗ್ಗೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ತೀರಿ? ಬಂದ್ಮೇಲೆ ಮಧ್ಯಾಹ್ನದ ತನಕ ಬಾಯಿ ಬಿಡೂದಿಲ್ಲ, ಬೇರು ಕಿತ್ತು ತಂದ ಹಾಲಮ್ಮನ ಹಂಗೇ. ನನ್ನ ಮಗೂನ ತಿಂದ ಕೈ ನನ್ನ ಅಡುಗೆಮನೇಲೇ ಬಂದು ಉಣ್ತಾ ಕೂತದೆ. ನಿಮಗೆ ಗೊತ್ತೇ ಆಗೂದಿಲ್ವಾ?”

ನನಗೆ ತುಂಬ ನೋವಾಯಿತು. ಹಗಲಿಡೀ ಅವಳ ಮಾತಿಗಾಗಿ ಊರೂರು ಅಲೆಯುತ್ತಿರುವವನು ನಾನು. ಅವಳು ತನ್ನ ಚಾಪೆಯನ್ನು ಅಡುಗೆಮನೆಗೆ ಒಯ್ದುಕೊಂಡಳು. ನಮ್ಮ ಇಷ್ಟು ವರ್ಷದ ಸಂಸಾರದಲ್ಲಿ ಹೀಗೆ ಆದದ್ದಿಲ್ಲ.

೪ ಏಪ್ರಿಲ್, ಸೋಮವಾರ

ವಾಸಪ್ಪ ಸುದ್ದಿ ತಂದ. ಹಾಲಮ್ಮ ತೀರಿಕೊಂಡಳಂತೆ. ಜಗಲಿಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಾ ಕೂತವಳು ಹಾಗೇ ಹೋದಳಂತೆ, ಮುಖದಲ್ಲಿ ನಗು ಇತ್ತಂತೆ.

ಶೇಷಮ್ಮನಿಗೆ ಹೇಳಿದೆ. ಖುಷಿಯಾದೀತು ಎಂದುಕೊಂಡೆ.

“ಯಾವಾಗ?” ಎಂದಳು.

“ನಿನ್ನೆ ಮಧ್ಯಾಹ್ನ.”

“ನಿನ್ನೆ ಮಧ್ಯಾಹ್ನ ನೀವೂ ಜಗಲೀಲಿ ಕೂತು ನಗ್ತಿದ್ರಿ. ಎಂತ ಅಂತ ಕೇಳಿದ್ರೆ ತಿರುಗಿ ಸಹ ನೋಡ್ಲಿಲ್ಲ.”

ನನಗೆ ನೆನಪಿಲ್ಲ. ನಿದ್ದೆ ಹತ್ತಿರಬೇಕು.

೬ ಏಪ್ರಿಲ್, ಬುಧವಾರ

ಮಧ್ಯಾಹ್ನ ಸುಮ್ಮನೆ ಕೂತಾಗ ಹಳೆಯದೊಂದು ನೆನಪಾಯಿತು. ಮರೆಯುವ ಮೊದಲು ಬರೆದಿಡುತ್ತೇನೆ.

ಅವತ್ತು ಇಂಥದೇ ಬಿಸಿಲು. ನಾನು ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದೆ. ಗದ್ದೆಯಂಚಿನ ಮೇಲೆ ಬೆಳ್ಳಪ್ಪ ಓಡಿ ಬಂದ. ಬಂದವನು ಬೇಲಿಯ ಗೂಟಕ್ಕೆ ಒರಗಿ, ಒಂದು ಕಾಲೆತ್ತಿಕೊಂಡು, ಒಣಹುಲ್ಲನ್ನು ಕಿತ್ತು ಕಿತ್ತು ಮುರಿಯುತ್ತಾ ನಿಂತ. ಮಗಳಿಗೆ ಹಾವು ಎಂದ. ಅವನು ಹೇಳುವ ಮೊದಲೇ ನನಗೆ ತಿಳಿಯಿತು. ಮೊರ ಕೆಳಗಿಟ್ಟೆ. ಇವನಿಗೆ ಹೇಗೆ ಹೇಳುವುದು? ಚಿಕ್ಕ ಪ್ರಾಯದವನು, ಒಂದೇ ಮಗು. ಹೊಳೆ ದಾಟಿಸಿ ಕಳಿಸೋಣವೆಂದರೆ ದೋಣಿಯಲ್ಲೇ ಆಗಿಹೋಗುತ್ತದೆ, ಬಿಸಿಲಿನಲ್ಲಿ, ಎಲ್ಲರ ಗೋಳಿನ ನಡುವೆ. ತನ್ನಿ, ಒಳಗೆ ತನ್ನಿ ಎಂದೆ.

ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಬಾಗಿಲು ಮುಚ್ಚಿದೆ. ಹೊರಗಿನವರು ಅಳುವುದನ್ನು ನೋಡಿ ಮಕ್ಕಳು ಹೆದರುತ್ತವೆ. ಇವಳು ಅಳುತ್ತಿರಲಿಲ್ಲ. ಎರಡು ಜಡೆ, ಒಂದರ ಟೇಪು ಬಿಚ್ಚಿತ್ತು. ಲಂಗವನ್ನು ಮುಷ್ಟಿಯಲ್ಲಿ ಹಿಡಿದು ಮುಚ್ಚಿಕೊಳ್ಳುತ್ತಿದ್ದಳು.

“ಅಜ್ಜೀ, ಅವ್ವಂಗೆ ಹೇಳ್ಬೇಡ. ಬೇಲಿ ಮುಳ್ಳಿಗೆ ಸಿಕ್ಕಿ ಹರೀತು. ಹೊಸಾದು.”

“ಹೇಳೂದಿಲ್ಲ ಮಗಾ.”

“ಬೈತಾಳೆ.”

“ಬೈಯೂದಿಲ್ಲ. ನಾ ಇದೀನಲ.”

ಹೊರಗೆ ಅವಳ ಅವ್ವ ಬಾಗಿಲು ಬಡಿಯುತ್ತಿದ್ದಳು. ಬೇರು ತೇದು ತುಟಿಗೆ ಹಚ್ಚಿದೆ. ಅದು ಹಿಡಿಯುವುದಿಲ್ಲ ಎಂದು ಗೊತ್ತಿತ್ತು. ಏನೂ ಮಾಡದೆ ಕಳಿಸಲು ಮನಸ್ಸು ಬರಲಿಲ್ಲ. ಮಗು ಕಹಿ ಎಂದು ಮುಖ ಸಿಂಡರಿಸಿ, ನನ್ನ ಹೆಬ್ಬೆರಳು ಹಿಡಿದುಕೊಂಡು ಮಲಗಿತು. ಆಮೇಲೂ ನಾನು ತುಂಬಾ ಹೊತ್ತು ಬಾಗಿಲು ತೆಗೆಯಲಿಲ್ಲ. ತೆಗೆದು ಆ ತಾಯಿಯ ಮುಖ ನೋಡುವ ಧೈರ್ಯ ನನಗೆ ಇರಲಿಲ್ಲ.

ಬಿಸಿಲಿಗೆ ತಲೆ ಸಿಡಿಯುತ್ತಿದೆ. ಸ್ವಲ್ಪ ಮಲಗುತ್ತೇನೆ.

೯ ಏಪ್ರಿಲ್, ಶನಿವಾರ

ತೀರ್ಥಹಳ್ಳಿಯಲ್ಲಿ ಮಧ್ಯಾಹ್ನ ಮತ. ಬೆಳಿಗ್ಗೆಯೇ ವಾಸಪ್ಪ ಜೀಪು ತಂದು ನಿಲ್ಲಿಸಿದ. ಗೇಟಿನ ಹತ್ತಿರ ನಿಂತಿದ್ದ ಜನ ಸರಿದು ದಾರಿ ಬಿಟ್ಟರು.

ಕೋಟು ಹಾಕಿಕೊಂಡು ಹೊರಟೆ. ಶೇಷಮ್ಮ ಅಡುಗೆಮನೆಯಿಂದ ಹೊಸ್ತಿಲ ತನಕ ಬಂದಳು. ನನ್ನನ್ನು ಮುಟ್ಟದೆ, ಒಂದು ಮಾರು ದೂರ ನಿಂತು ಹೇಳಿದಳು: “ಇವತ್ತೊಂದು ದಿನ ನೀವು ನೀವಾಗಿದ್ದು ಬನ್ನಿ. ಕೈ ಎತ್ತಿ ಬನ್ನಿ. ಆಮೇಲೆ ನಿಮಗೆ ಎಂತಾದ್ರೂ ಆಗ್ಲಿ.”

“ಎತ್ತುತ್ತೇನೆ,” ಎಂದೆ. ಎತ್ತಬೇಕೆಂದೇ ಇದ್ದೆ. ಮೆಟ್ಟಿಲಿಳಿಯುವಾಗ ಅವಳು ಅಷ್ಟು ಸೊರಗಿದ್ದು ಕಂಡು ತಿರುಗಿ ನಿಂತೆ. ಬಹಳ ದಿನದಿಂದ ಇವಳಿಗೆ ಒಂದು ಮಾತು ಹೇಳಬೇಕಾಗಿತ್ತು, ಹೇಳುವುದಿಲ್ಲವೆಂದು ಮಾತು ಕೊಟ್ಟದ್ದರಿಂದ ಸುಮ್ಮನಿದ್ದೆ.

“ಲಂಗ ಹರಿದದ್ದಕ್ಕೆ ಅವಳನ್ನು ಬೈಯಬೇಡ,” ಎಂದೆ.

“ಯಾರ್ನ?”

“ಹೂವಿಯನ್ನು. ಬೇಲಿ ಮುಳ್ಳಿಗೆ ಸಿಕ್ಕಿತಂತೆ. ಹೊಸದಲ್ಲವಾ, ನೀನು ಬೈಯುತ್ತೀ ಎಂದು ಹೆದರಿದ್ದಳು.”

ಶೇಷಮ್ಮ ಹೊಸ್ತಿಲ ಮೇಲೆ ಕುಸಿದು ಕೂತಳು. ಆಮೇಲೆ ಮೆಲ್ಲಗೆ ಹೇಳಿದಳು. ಮಗುವಿಗೆ ಕೊನೆಯ ಸ್ನಾನ ಮಾಡಿಸುವಾಗ ಆ ಹರಿದದ್ದು ಕಂಡಳಂತೆ. ಹರಕು ಬಟ್ಟೆಯಲ್ಲಿ ಮಗುವನ್ನು ಮಣ್ಣಿಗೆ ಕಳಿಸಬಾರದೆಂದು ಎಲ್ಲರನ್ನೂ ಆಚೆ ಕಳಿಸಿ ತಾನೇ ಹೊಲಿದಳಂತೆ. ಯಾರಿಗೂ ಹೇಳಿರಲಿಲ್ಲವಂತೆ, ನನಗೂ.

ಎಷ್ಟೋ ದಿನದ ಮೇಲೆ ಅವಳು ನನ್ನ ಮುಖವನ್ನು ನೇರವಾಗಿ ನೋಡಿದಳು.

“ಇನ್ನೆಂತ ಅಂದ್ಲು?”

ವಾಸಪ್ಪ ಹಾರ್ನ್ ಹೊಡೆದ. “ಸಾಹೇಬ್ರೆ, ಹೊತ್ತಾಯ್ತು. ಮೀಟಿಂಗು ಶುರುವಾಗ್ತದೆ.”

ಶೇಷಮ್ಮ ಅವನ ಕಡೆ ತಿರುಗಲೂ ಇಲ್ಲ. “ನೀ ಹೋಗು ವಾಸಪ್ಪ. ಇವ್ರು ಬರೂದಿಲ್ಲ.”

“ಮತ ಹಾಕ್ಬೇಕಲ್ರಮ್ಮಾ. ನಿಮ್ಮದೇ ಕಾನೂನು.”

“ಹೋಗು ಅಂದ್ನಲ.”

ಜೀಪು ಸ್ವಲ್ಪ ಹೊತ್ತು ಅಲ್ಲೇ ಗುರುಗುಟ್ಟಿ ಹೊರಟುಹೋಯಿತು. ನಾನು ಕೋಟಿನಲ್ಲೇ ಅವಳ ಪಕ್ಕ ಹೊಸ್ತಿಲ ಮೇಲೆ ಕೂತೆ. ಬಿಚ್ಚಿದ ಟೇಪಿನ ವಿಷಯ ಹೇಳಿದೆ, ಕಹಿಗೆ ಮುಖ ಸಿಂಡರಿಸಿದ್ದು ಹೇಳಿದೆ, ಹೆಬ್ಬೆರಳು ಹಿಡಿದುಕೊಂಡದ್ದು ಹೇಳಿದೆ. ನೋವು ಅಂದಳಾ ಎಂದು ಕೇಳಿದಳು. ಇಲ್ಲ, ಮಗು ಚಳಿ ಅಂದಿತು, ನನ್ನ ಸೆರಗು ಹೊದಿಸಿದೆ ಎಂದೆ. ಅವ್ವ ಬೇಕು ಅಂದಳಾ ಎಂದು ಕೇಳಿದಳು. ಅಂದಳು ಎಂದೆ. ಅವಳು ಅತ್ತಳು, ಅಳುತ್ತಲೇ ಇನ್ನೊಂದು ಕೇಳಿದಳು. ಅಡುಗೆಯಾಗಲಿಲ್ಲ. ಗೇಟಿನಾಚೆಯವರು ನೆರಳು ಹುಡುಕಿಕೊಂಡು ಕೂತರು.

ಸಂಜೆ ವಾಸಪ್ಪ ಬಂದು ಗೇಟಿನ ಹತ್ತಿರದಿಂದಲೇ ಹೇಳಿದ. ನಾನಿಲ್ಲದ್ದರಿಂದ ಮತ ಸಮಸಮ ಬಂತಂತೆ. ಅಧ್ಯಕ್ಷರು ಬೇಡವೆನ್ನುವ ಕಡೆಗೆ ತಲೆಯಾಡಿಸಿ ನಿರ್ಣಾಯಕ ಮತ ಕೊಟ್ಟರಂತೆ. ಹದಿನಾರನೇ ಕಲಮು ಬಿದ್ದುಹೋಯಿತು. ಶೇಷಮ್ಮ ತಲೆಯೆತ್ತಲಿಲ್ಲ.

“ಹೂವಿ ಹೇಳಿದ್ದು ಇಷ್ಟೇ ನೋಡು, ಮುಗೀತು,” ಎಂದೆ.

“ಇಲ್ಲ, ಇನ್ನೂ ಇರ್ತದೆ,” ಎಂದು ಅವಳು ಹತ್ತಿರ ಸರಿದಳು. ನನ್ನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಮಡಿಲಲ್ಲಿ ಇಟ್ಟುಕೊಂಡು, ಹೆಬ್ಬೆರಳನ್ನು ಮೆತ್ತಗೆ ಸವರಿದಳು.

“ಮತ್ತೊಂದ್ಸಲ ಮೊದ್ಲಿಂದ ಹೇಳು ಹಾಲಮ್ಮಾ,” ಎಂದಳು.

ನಾನು ಹೇಳಿದೆ.